ಕೆನ್ನೆಯಷ್ಟು ನೀರು

ಬರಾಂಕಿಯಾ
ಜೂನ್ 26, 1962

ನನ್ನ ಮುದ್ದು ತಾತ,

ಮದುವೆಯಾಗಿ ಎರಡು ವಾರವಾಯಿತು. ಈಗಲೂ ಬೆಳಿಗ್ಗೆ ಕಣ್ಣು ಬಿಟ್ಟರೆ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿರುವ ಈ ಗಂಡಸು ಯಾರು ಎಂದು ಒಂದು ಕ್ಷಣ ಗಾಬರಿಯಾಗುತ್ತದೆ, ಮರುಕ್ಷಣ ನೆನಪಾಗಿ ನಗು ಬರುತ್ತದೆ, ಆ ನಗುವಿಗೆ ನಸೀಂ ಎದ್ದು "ಏನೇ ಅದು, ಬೆಳಗಾಗೆದ್ದು?" ಅನ್ನುತ್ತಾನೆ, ನಾನು ಹೇಳುವುದಿಲ್ಲ. ಈ ಸಾಲುಗಳನ್ನು ಅಮ್ಮನಿಗೆ ಓದಿ ಹೇಳಬೇಡ.

ಎಲ್ಲವೂ ಎಷ್ಟು ಚೆನ್ನಾಗಿದೆ ಎಂದು ಹೇಗೆ ಬರೆಯಲಿ. ಮನೆ ಇವರ ಬಟ್ಟೆ ಅಂಗಡಿಯ ಮೇಲೆಯೇ ಇದೆ. ಬಾಲ್ಕನಿಯಲ್ಲಿ ನಿಂತರೆ ನದಿಯ ಕಡೆಯಿಂದ ಗಾಳಿ, ಗಾಳಿಯ ಜೊತೆ ಮೀನಿನ ವಾಸನೆ. ಆ ವಾಸನೆಯೂ ನನಗೆ ಇಷ್ಟವಾಗತೊಡಗಿದೆ. ನಸೀಂ ಗಳಿಗೆಗೊಮ್ಮೆ ಮೆಟ್ಟಿಲು ಹತ್ತಿ ಬಂದು ಏನೋ ಮರೆತೆ ಅನ್ನುತ್ತಾನೆ. ನಿನ್ನೆ ಕತ್ತರಿ ಮರೆತಿದ್ದನಂತೆ. ಕತ್ತರಿ ಅವನ ಕೈಯಲ್ಲೇ ಇತ್ತು.

ಒಂದೇ ಒಂದು ಸಣ್ಣ ಜಗಳವಾಯಿತು, ಅದನ್ನೂ ಹೇಳಿಬಿಡುತ್ತೇನೆ. ಶುಕ್ರವಾರ ಬೆಂಡೆಕಾಯಿ ಹಾಕಿ ಮಾಂಸದ ಸಾರು ಮಾಡುತ್ತಿದ್ದೆ. ಕುದಿಯುವಾಗ ಕೈಗೆ ಸಿಕ್ಕ ಚಮಚದಿಂದ ತಿರುವಿದೆ. ಅತ್ತೆ ಲತೀಫೆ ಬಾಗಿಲಲ್ಲಿ ನಿಂತಿದ್ದರು.

"ಸರೀನಾ, ಅದು ಹಾಲಿನ ಚಮಚ ಅಲ್ವೇನೇ?"

"ಹೌದು ಅತ್ತೆ. ಆದ್ರೆ ಪಾತ್ರೆ ಎಷ್ಟು ದೊಡ್ಡದಿದೆ ನೋಡಿ. ಚಮಚಕ್ಕಿಂತ ಅರವತ್ತು ಪಟ್ಟು ಜಾಸ್ತಿ ಸಾರಿದೆ. ಏನೂ ಕೆಟ್ಟಿಲ್ಲ, ತಿನ್ನಬಹುದು."

"ಯಾರು ಹೇಳಿದ್ದು?"

"ಯಾರೂ ಇಲ್ಲ, ನಾನೇ ಲೆಕ್ಕ ಹಾಕ್ದೆ."

"ಓಹೋ. ಇಂಗ್ಲಿಷ್ ಸ್ಕೂಲಲ್ಲಿ ಸಾರಿಗೂ ಲೆಕ್ಕ ಹೇಳ್ಕೊಡ್ತಾರಾ? ಹಖಾಮ್ ಬೆಖೋರ್ ಮನೆ ಎರಡು ಬೀದಿ ಆಚೆ ಇದೆ. ಗುರು ಅಂತ ಒಬ್ರನ್ನ ಇಟ್ಕೊಂಡಿರೋದು ಯಾಕೆ, ಮದುವೆ ಊಟಕ್ಕೆ ಕರೆಯೋಕಾ?"

ನಾನು ಹೋಗಲಿಲ್ಲ. ಯಹೂದಿಗಳ ಅಡುಗೆಮನೆಯಲ್ಲಿ ಹಾಲಿನದು ಬೇರೆ, ಮಾಂಸದ್ದು ಬೇರೆ ಎಂದು ಕಲಿಸಿದವನು ನೀನು, ತಪ್ಪಿ ಬೆರೆತರೆ ಅರವತ್ತರ ಲೆಕ್ಕ ಹೇಳಿಕೊಟ್ಟವನೂ ನೀನು. ದೇವರು ನನಗೆ ತಲೆ ಕೊಟ್ಟಿರುವಾಗ ಪಾಪ ಆ ಮುದುಕರಿಗೆ ಯಾಕೆ ತೊಂದರೆ? ನಸೀಂ ಎರಡು ತಟ್ಟೆ ತಿಂದ. ಅತ್ತೆ ರೊಟ್ಟಿ, ಆಲಿವ್ ಕಾಯಿ ತಿಂದು ಎದ್ದರು.

ನನ್ನ ಲೆಕ್ಕ ಸರಿ ಎಂದು ನೀನೇ ಬರೆದುಬಿಡು, ಅವರಿಗೆ ತೋರಿಸುತ್ತೇನೆ.

ನಿನ್ನ ಸರೀನಾ


ಪನಾಮ
ಜುಲೈ 8, 1962

ಸರೀನಾ ಮಗು,

ನಿನ್ನ ಲೆಕ್ಕ ಸರಿ. ಈ ಸಾಲನ್ನು ಕತ್ತರಿಸಿ ಅತ್ತೆಗೆ ತೋರಿಸಬೇಡ, ಪೂರ್ತಿ ಪತ್ರ ತೋರಿಸು.

ಸಾರು ಕೆಟ್ಟಿರಲಿಲ್ಲ. ಆದರೆ ಆ ಮನೆಯ ಹಿರಿಯಳು ವಾರದ ಹಬ್ಬವಾದ ಶುಕ್ರವಾರ ರಾತ್ರಿ ರೊಟ್ಟಿ ತಿಂದು ಎದ್ದಳಲ್ಲ, ಅದನ್ನು ಯಾವ ಅರವತ್ತರಿಂದ ಭಾಗಿಸಿದೆ? ನೀನು ಬೆಖೋರ್ ಅವರ ಹತ್ತಿರ ಹೋಗಿದ್ದರೆ ಅವರೂ ನೀನು ಹೇಳಿದ್ದನ್ನೇ ಹೇಳುತ್ತಿದ್ದರು, ಆಮೇಲೆ ಆಕೆ ನೆಮ್ಮದಿಯಾಗಿ ಉಣ್ಣುತ್ತಿದ್ದಳು. ನಾವು ಗುರುವನ್ನು ಕೇಳುವುದು ತಲೆ ಇಲ್ಲ ಎಂದಲ್ಲ. ಎಷ್ಟು ಬುದ್ಧಿ ಇದ್ದರೂ ನಮ್ಮ ಪಾತ್ರೆಗೆ ನಾವೇ ನ್ಯಾಯಾಧೀಶರಾದರೆ ಕೈ ಕೊಂಚ ನಮ್ಮ ಕಡೆಗೆ ಜಗ್ಗುತ್ತದೆ. ನಿನಗೆ ಆ ಸಾರು ಚೆಲ್ಲಲು ಮನಸ್ಸಿರಲಿಲ್ಲ, ಹೌದೋ ಅಲ್ಲವೋ?

ಇಲ್ಲಿ ಎಲ್ಲ ಮೊದಲಿನಂತೆ. ನಮ್ಮ ರೂಬೆನ್ ಈಗ ಊರಿಗೆಲ್ಲ ಹಖಾಮ್ ರೂಬೆನ್. ಮಳೆಗಾಲ ಬಂದರೆ ಅವನ ಮೂಗು ಒರೆಸಿ ಒರೆಸಿ ಅಕ್ಷರ ತಿದ್ದಿಸಿದವನು ನಾನು. ಈಗ ಎದೆಯವರೆಗೆ ಗಡ್ಡ. ನಾನು ಪ್ರಾರ್ಥನೆಗೆ ಒಳಗೆ ಬಂದರೆ ಎದ್ದು ನಿಲ್ಲುತ್ತಾನೆ. ಕೂರೋ ಮಾರಾಯ ಅಂದರೂ ಕೂರುವುದಿಲ್ಲ. ಕಿಪ್ಪೂರ್ ಉಪವಾಸದ ಕೊನೆಯ ಪ್ರಾರ್ಥನೆ ಹೇಳುವವರು ಈ ವರ್ಷವೂ ನೀವೇ ಎಂದು ಈಗಲೇ ಹೇಳಿಟ್ಟಿದ್ದಾನೆ. ಮೂವತ್ತು ವರ್ಷದ ಮೇಲಾಯಿತು, ಬೇರೆ ಯಾರಿರುತ್ತಾರೆ ಅಂದೆ.

ನೀನಿಲ್ಲದ ಮನೆಯಲ್ಲಿ ಊಟದ ಮೇಜಿನಲ್ಲಿ ಜಗಳವಾಡುವವರಿಲ್ಲ. ನಾನು ಏನು ಹೇಳಿದರೂ ನಿನ್ನ ಅಮ್ಮ ಹೌದು ಅನ್ನುತ್ತಾಳೆ. ಬೇಸರವಾಗುತ್ತದೆ.

ತಾತ ರಹ್ಮೊ


ಬರಾಂಕಿಯಾ
ಜುಲೈ 23, 1962

ತಾತ, ನನ್ನ ತಾತ,

ಪತ್ರವನ್ನು ಪೂರ್ತಿಯಾಗಿಯೇ ಓದಿದೆ, ಅತ್ತೆಯ ಮುಂದೆ, ಗಟ್ಟಿಯಾಗಿ. ಅವರು ಕೇಳಿ ಮುಗಿಸಿ, "ನಿಮ್ಮ ತಾತನಿಗೆ ಹೆಂಡತಿ ಇಲ್ಲ ಅಲ್ವಾ?" ಅಂದರು. ಇಲ್ಲ ಅಂದೆ. "ಛೆ" ಅಂದರು. ನಸೀಂಗೆ ನಕ್ಕು ನಕ್ಕು ಕೆಮ್ಮು ಹತ್ತಿತು.

ಈಗ ನಾನು ಹಖಾಮ್ ಬೆಖೋರ್ ಅವರ ಮನೆಗೆ ದಾರಿ ಸವೆಸುತ್ತಿದ್ದೇನೆ. ಈ ಊರಿನ ಯಹೂದಿಗಳಲ್ಲಿ ಅವರ ಕದ ನನ್ನಷ್ಟು ತಟ್ಟಿದವರು ಇನ್ನೊಬ್ಬರಿಲ್ಲವಂತೆ. ಕೋಳಿಯ ರೆಕ್ಕೆ ಮುರಿದಿದ್ದರೆ ತರುತ್ತೇನೆ, ಮೊಟ್ಟೆಯಲ್ಲಿ ಕೆಂಪು ಚುಕ್ಕೆ ಇದ್ದರೆ ತರುತ್ತೇನೆ, ತಿನ್ನಬಹುದೋ ಬಾರದೋ ಎಂದು ಕೇಳಲು. ಅವರು ಬಾಲ್ಕನಿಯಲ್ಲಿ ಕೂತು ಕಿತ್ತಳೆ ಸುಲಿಯುತ್ತ ಕೇಳುತ್ತಾರೆ. ನಾನು ಮೊದಲು ನನ್ನ ತೀರ್ಪು ಹೇಳುತ್ತೇನೆ, ಆಮೇಲೆ ಅವರು ತಮ್ಮದು ಹೇಳುತ್ತಾರೆ. ಇಲ್ಲಿಯವರೆಗೆ ನಾನೇ ಹೆಚ್ಚು ಸಲ ಸರಿ.

ಅವರ ಹೆಂಡತಿ ಬಾಗಿಲು ತೆಗೆಯುವಾಗಲೇ "ಬಂತು ನೋಡಿ ನಿಮ್ಮ ಪರೀಕ್ಷೆ" ಅನ್ನುತ್ತಾರೆ.

ಅಂಗಡಿಯ ಗುಮಾಸ್ತರು ಹಡಗಿನಲ್ಲಿ ಪನಾಮಕ್ಕೆ ಬರುತ್ತಿದ್ದಾರೆ, ಅವರ ಕೈಯಲ್ಲಿ ನಾನೇ ಮಾಡಿದ ಸೀಬೆಹಣ್ಣಿನ ಮಿಠಾಯಿ ಕಳಿಸಿದ್ದೇನೆ. ಸಕ್ಕರೆ ಸುರಿದೂ ಸುರಿದೂ ಮಾಡಿದ್ದೇನೆ, ನಿನಗೆ ಇಷ್ಟವಾಗುವಂತೆ. ಡಬ್ಬಿ ತೆರೆದ ತಕ್ಷಣ ಒಂದು ತುಂಡು ಬಾಯಿಗೆ ಹಾಕಿಕೊಂಡು ನನ್ನ ಹೆಸರು ಹೇಳು. ನನಗೆ ಇಲ್ಲಿ ಗೊತ್ತಾಗುತ್ತದೆ.

ಸಂಜೆ ಹೊತ್ತು ಮಾತ್ರ ಸ್ವಲ್ಪ ಉದ್ದ ಅನಿಸುತ್ತದೆ. ಅದೇನೂ ದೊಡ್ಡದಲ್ಲ.

ಸರೀನಾ


ಪನಾಮ
ಆಗಸ್ಟ್ 16, 1962

ಮಗು,

ಮಿಠಾಯಿ ಬಂತು. ಪಕ್ಕದ ಮನೆಯವರಿಗೆ ಕೊಟ್ಟೆ, ತುಂಬ ಹೊಗಳಿದರು.

ನಮ್ಮ ಪುರಾತನ ಮಂದಿರ ಬಿದ್ದ ದಿನದ ಶೋಕದ ಉಪವಾಸ ಹೋದ ವಾರ ಮುಗಿಯಿತು. ಇಲ್ಲಿ ವಿಪರೀತ ಸೆಕೆ, ಪ್ರಾರ್ಥನಾ ಮಂದಿರದ ಫ್ಯಾನು ಬೇರೆ ಕೆಟ್ಟಿತ್ತು. ಮಧ್ಯಾಹ್ನ ನಾನು ಸ್ವಲ್ಪ ಹೊತ್ತು ನೆಲದ ಮೇಲೆ ಕೂರಬೇಕಾಯಿತು. ಆ ದಿನ ಎಲ್ಲರೂ ನೆಲದ ಮೇಲೆಯೇ ಕೂರುವುದರಿಂದ ಅದರಲ್ಲಿ ವಿಶೇಷವೇನಿಲ್ಲ. ಆದರೂ ಜನ ಗಲಾಟೆ ಮಾಡಿ ಡಾಕ್ಟರನ್ನು ಕರೆಸಿದರು. ಒಳ್ಳೆಯ ಮನುಷ್ಯ. ಅವರ ಅಜ್ಜ ನಮ್ಮ ಹಳೆಯ ಊರಾದ ಅಲೆಪ್ಪೊದಲ್ಲಿ ನಮ್ಮ ಬೀದಿಯವರೇ ಎಂದು ಗೊತ್ತಾಯಿತು.

ಅಕ್ಷರ ಯಾಕೆ ದೊಡ್ಡದಾಗಿದೆ ಅಂದುಕೊಳ್ಳಬೇಡ. ಹೊಸ ಪೆನ್ನು, ಬಾಯಿ ಅಗಲ. ನೀನೂ ಸ್ವಲ್ಪ ದೊಡ್ಡದಾಗಿ ಬರೆ. ದೊಡ್ಡ ಅಕ್ಷರದಲ್ಲಿ ಸುಳ್ಳು ಹೇಳುವುದು ಕಷ್ಟ ಎಂದು ನನ್ನ ಮಾಸ್ತರು ಹೇಳುತ್ತಿದ್ದರು. ಸಂಜೆ ಉದ್ದ ಅನಿಸಿದರೆ ಏನೂ ದೊಡ್ಡದಲ್ಲ ಎಂದು ಬರೆಯಬೇಡ. ಅತ್ತೆಯ ಜೊತೆ ಕೂತು ಅವರ ತಾಯಿಯ ಕಥೆ ಕೇಳು. ಎಲ್ಲ ಅತ್ತೆಯರಿಗೂ ತಾಯಿ ಇದ್ದಳು, ಯಾರೂ ಕೇಳುವುದಿಲ್ಲ.

ತಾತ


ಬರಾಂಕಿಯಾ
ಆಗಸ್ಟ್ 25, 1962

ತಾತ,

ನಾನು ಕೋಪಿಸಿಕೊಂಡಿದ್ದೇನೆ, ಅದಕ್ಕೇ ಇಷ್ಟು ದೊಡ್ಡ ಅಕ್ಷರ. ಪಕ್ಕದ ಮನೆಯವರಿಗಾ? ಅಷ್ಟೂನಾ? ಮೂರು ಗಂಟೆ ಒಲೆಯ ಮುಂದೆ ನಿಂತು ಕೈ ಸುಟ್ಟುಕೊಂಡಿದ್ದು ಅವರಿಗೋಸ್ಕರವಾ? ಮದುವೆಯಾದ ಮೇಲೆ ಮೊಮ್ಮಗಳ ಕೈರುಚಿಯೂ ಪರರದ್ದಾಯಿತೇನೋ.

ಇರಲಿ, ಕೋಪ ಮುಗಿಯಿತು, ನನಗೆ ಹೆಚ್ಚು ಹೊತ್ತು ಇರುವುದಿಲ್ಲ. ಅತ್ತೆಯ ತಾಯಿಯ ಕಥೆ ಕೇಳಿದೆ. ಆಕೆ ಮದುವೆಯಾಗಿ ಹಡಗು ಹತ್ತಿದಾಗ ಹದಿನಾರು ವರ್ಷ, ಗಂಡನ ಮುಖವನ್ನು ಹಡಗಿನಲ್ಲೇ ಮೊದಲು ಸರಿಯಾಗಿ ನೋಡಿದ್ದು. "ಹೇಗಿತ್ತಂತೆ ಮುಖ?" ಎಂದು ಕೇಳಿದೆ. "ವಾಂತಿ ಮಾಡ್ತಾ ಇದ್ದನಂತೆ, ಹೇಗಿರತ್ತೆ?" ಅಂದರು ಅತ್ತೆ. ಇಬ್ಬರೂ ಎಷ್ಟು ನಕ್ಕೆವೆಂದರೆ ನಸೀಂ ಕೆಳಗಿನಿಂದ ಓಡಿ ಬಂದ. ಆಮೇಲೆ ಅವರು ತಮ್ಮ ಪಾಲಿನ ಅಂಜೂರವನ್ನು ನನ್ನ ತಟ್ಟೆಗೆ ಹಾಕಿದರು. ನೀನು ಎಲ್ಲವನ್ನೂ ದೂರದಿಂದಲೇ ಹೇಗೆ ಸರಿಮಾಡುತ್ತೀಯ?

ಸೆಕೆ ಹೆಚ್ಚಾದರೆ ಟೋಪಿ ಹಾಕಿಕೊಂಡು ಓಡಾಡು.

ಸರೀನಾ


ಪನಾಮ
ಸೆಪ್ಟೆಂಬರ್ 3, 1962

ಸರೀನಾ,

ನಿನಗೊಂದು ಕೆಲಸ. ಪ್ರಾರ್ಥನೆಯಲ್ಲಿ ನಮ್ಮ ಸಾಲಿನಲ್ಲಿ ಕೂರುವ ಮೂಸಾ ಎಂಬ ಮುದುಕನಿದ್ದಾನೆ. ನೀನು ನೋಡಿಲ್ಲ, ಈಚೆಗೆ ಬಂದವನು. ವಯಸ್ಸು ಎಪ್ಪತ್ತು ದಾಟಿದೆ. ರಕ್ತದಲ್ಲಿ ಸಕ್ಕರೆ ಎಂದು ಡಾಕ್ಟರು ದಿನಾ ಸೂಜಿ ಚುಚ್ಚುತ್ತಾರೆ. ಕಿಪ್ಪೂರ್ ದಿನ ಉಪವಾಸ ಕೂಡದು, ತಿನ್ನಲೇಬೇಕು, ಇಲ್ಲದಿದ್ದರೆ ಜೀವಕ್ಕೆ ಅಪಾಯ ಅಂದಿದ್ದಾರೆ. ಮೂಸಾ ಹೇಳುವುದು: ನನ್ನ ದೇಹ ನನಗೆ ಗೊತ್ತು, ಹದಿಮೂರನೇ ವಯಸ್ಸಿನಿಂದ ಒಂದು ಕಿಪ್ಪೂರೂ ತಪ್ಪಿಸಿಲ್ಲ, ಈಗಲೂ ದಿನಾ ಎರಡು ಹೊತ್ತು ನಡೆದೇ ಪ್ರಾರ್ಥನೆಗೆ ಬರುತ್ತೇನೆ, ನಾನು ತಡೆದುಕೊಳ್ಳುತ್ತೇನೆ.

ನಿಮ್ಮ ಹಖಾಮ್ ಬೆಖೋರ್ ಹಿರಿಯರು, ತಿಳಿದವರು. ಅವರನ್ನು ಕೇಳು. ಮನುಷ್ಯ ತನ್ನ ಬಗ್ಗೆ ತಾನೇ ತೀರ್ಮಾನಿಸಬಾರದೇ? ರೂಬೆನ್ ಇದ್ದಾನಲ್ಲ ಅನ್ನಬೇಡ. ಅವನು ತೀರಾ ಚಿಕ್ಕವನು, ಮೂಸಾಗೆ ಅವನಲ್ಲಿ ನಂಬಿಕೆ ಸಾಲದು. ನನ್ನ ಹೆಸರು ಎತ್ತಬೇಡ, ಸುಮ್ಮನೆ ಊರಿನ ವಿಷಯ ಊರಾಚೆ ಹೋಗುತ್ತದೆ.

ಬೇಗ ಬರೆ. ಮೂಸಾ ದಿನಾ ಕೇಳುತ್ತಾನೆ.

ತಾತ


ಬರಾಂಕಿಯಾ
ಸೆಪ್ಟೆಂಬರ್ 12, 1962

ನನ್ನ ಗುರುಗಳಾದ ತಾತನಿಗೆ, ನಿಮ್ಮ ವಕೀಲೆ ಬರೆಯುವುದು,

ಇಷ್ಟು ದೊಡ್ಡ ಪ್ರಶ್ನೆಯನ್ನು ನನ್ನ ಕೈಗೆ ಕೊಟ್ಟೆಯಲ್ಲ, ನನಗೆ ಎಷ್ಟು ಹೆಮ್ಮೆ ಗೊತ್ತಾ? ಹೊಸ ನೀಲಿ ಲಂಗ ಹಾಕಿಕೊಂಡು ಹೋದೆ. ಹಖಾಮ್ ಬೆಖೋರ್ ಕಿತ್ತಳೆ ಸುಲಿಯುತ್ತಿದ್ದರು.

"ಬಾ ಮಗಳೇ. ಇವತ್ತೂ ಕೋಳೀನಾ?"

"ಇವತ್ತು ಮುದುಕ, ಹಖಾಮ್."

ಎಲ್ಲ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

"ಡಾಕ್ಟರು ತಿನ್ನಬೇಕು ಅಂದ್ರು. ಮುದುಕ ಬೇಡ ಅಂದ. ಹಾಗಾದ್ರೆ ತಿನ್ನಬೇಕು."

"ಅಷ್ಟೇನಾ?"

"ಅಷ್ಟೇ. ಕಿತ್ತಳೆ ತಗೋ."

ನಾನು ಬಿಡುತ್ತೇನೆಯೇ? ರೋಗಿ ತನಗೆ ಊಟ ಬೇಕು ಅಂದರೆ, ನೂರು ವೈದ್ಯರು ಬೇಡ ಅಂದರೂ ರೋಗಿಯ ಮಾತೇ ನಡೆಯುತ್ತದೆ ಎಂದು ನೀನು ಹೇಳಿಕೊಟ್ಟಿದ್ದೆಯಲ್ಲ, ಅದನ್ನೇ ಎತ್ತಿದೆ. "ಹಸಿವು ಗೊತ್ತಾಗೋ ಮನಸ್ಸಿಗೆ ಶಕ್ತಿ ಗೊತ್ತಾಗಲ್ವಾ, ಹಖಾಮ್? ಒಂದು ಕಡೆ ನಂಬಿ ಇನ್ನೊಂದು ಕಡೆ ನಂಬದೇ ಇದ್ರೆ ಅದು ನ್ಯಾಯಾನಾ?"

"ನ್ಯಾಯ ಅಂತ ಯಾರಂದ್ರು? ಜೀವ ಉಳೀಲಿ ಅಂತ ಮಾಡಿರೋದು. ತಿನ್ನೋಕೆ ಯಾರು ಹೇಳಿದ್ರೂ ಕೇಳ್ತೀವಿ. ತಿನ್ನಬೇಡ ಅನ್ನೋ ಮನಸ್ಸಿನ ಮಾತು ಮಾತ್ರ ಕೇಳಲ್ಲ. ಅದಕ್ಕೆ ಜಂಬ ಇರತ್ತೆ."

"ಮೂಸಾ ಅಜ್ಜನಿಗೆ ಜಂಬ ಇಲ್ಲ. ಅವರು ಗಟ್ಟಿ ಮನುಷ್ಯ."

"ನೀನು ನೋಡಿದ್ದೀಯಾ?"

"ಇಲ್ಲ."

"ಆ ಊರಿನ ಹಖಾಮ್ ಏನಂದ್ರಂತೆ?"

ಗೊತ್ತಿಲ್ಲ ಅಂದೆ. ಅವರು ಸಿಪ್ಪೆಯನ್ನು ತಟ್ಟೆಗೆ ಹಾಕಿ, "ಒಬ್ರು ಹೇಳಿದ ಮೇಲೆ ಇನ್ನೊಬ್ರ ಹತ್ರ ಓಡಬಾರ್ದು, ಮಗಳೇ. ಜನ ಓಡ್ತಾರೆ, ಇಲ್ಲ ಅಂತಲ್ಲ. ಆದ್ರೆ ಎಲ್ಲರೂ ಗಂಟು ಸಡಿಲ ಮಾಡ್ಸೋಕೆ ಓಡ್ತಾರೆ. ಬಿಗಿ ಮಾಡ್ಸೋಕೆ ಓಡೋ ಮುದುಕನ್ನ ನಾನು ಇವತ್ತೇ ಕೇಳಿದ್ದು" ಅಂದರು. ಹೊರಡುವಾಗ ನಿನ್ನ ಆರೋಗ್ಯ ಹೇಗಿದೆ ಎಂದು ವಿಚಾರಿಸಿದರು. ಕಲ್ಲುಗುಂಡಿನ ಹಾಗಿದ್ದಾರೆ ಅಂದೆ. ಇನ್ನೆರಡು ಕಿತ್ತಳೆ ಕೊಟ್ಟರು.

ತಾತ, ಅವರ ತೀರ್ಪು ಬರೆದಿದ್ದೇನೆ. ಈಗ ನನ್ನದು ಕೇಳು. ನನಗೆ ಒಪ್ಪಿಗೆಯಾಗಲಿಲ್ಲ. ಎಪ್ಪತ್ತು ವರ್ಷ ಒಂದು ದೇಹದೊಳಗೆ ಬದುಕಿದವನಿಗಿಂತ ಅದನ್ನು ಹೆಚ್ಚು ಬಲ್ಲವರು ಯಾರು? ಮೂಸಾ ಅಜ್ಜನಿಗೆ ಹೇಳು, ಬರಾಂಕಿಯಾದಲ್ಲಿ ಒಬ್ಬಳು ನಿಮ್ಮ ಪಕ್ಷದಲ್ಲಿದ್ದಾಳೆ ಎಂದು. ಅವರ ದೇಹ, ಅವರ ದೇವರು.

ಸರೀನಾ


ಪನಾಮ
ಸೆಪ್ಟೆಂಬರ್ 18, 1962

ನನ್ನ ಜಾಣೆ,

ನಿನ್ನ ಪತ್ರ ಓದಿ ಮೂಸಾನಿಗೆ ಎಷ್ಟು ಸಂತೋಷವಾಯಿತೆಂದು ಹೇಳಲಾರೆ. ಬೆಖೋರ್ ಅವರಿಗೆ ನನ್ನ ನಮಸ್ಕಾರ. ಅವರು ಮೂಸಾನನ್ನು ನೋಡಿಲ್ಲ, ಆದ್ದರಿಂದ ಅವರ ಮಾತನ್ನು ಇವನಿಗೆ ಹಾಗೆಯೇ ಅನ್ವಯಿಸಲಾಗದು. ನೀನು ವಾದದ ಹುರುಳನ್ನು ಹಿಡಿದೆ. ಇವನು ಉಪವಾಸ ಮಾಡುವುದೆಂದು ತೀರ್ಮಾನವಾಯಿತು. ರೂಬೆನ್ ಏನೇ ಅಂದಿರಲಿ, ಮೂಸಾ ಈ ವರ್ಷವೂ ಹಸಿದ ಹೊಟ್ಟೆಯಲ್ಲೇ ನಿಂತು ಕೊನೆಯ ಪ್ರಾರ್ಥನೆ ಹೇಳುತ್ತಾನೆ. ತಿಂದ ಬಾಯಿಂದ ಅದನ್ನು ಹೇಳುವುದು ಹೇಗೆ?

ತಿಂಗಳ ಕೊನೆಗೆ ಬರುವ ನಮ್ಮ ಹೊಸ ವರ್ಷ ನಿಮ್ಮ ಮನೆಗೆ ಜೇನಿನಂತಿರಲಿ.

ತಾತ


ಬರಾಂಕಿಯಾ
ಸೆಪ್ಟೆಂಬರ್ 25, 1962

ತಾತ,

ಮೂವತ್ತು ವರ್ಷದಿಂದ ಆ ಪ್ರಾರ್ಥನೆ ಹೇಳುವವನು ಒಬ್ಬನೇ. ಮೂಸಾ ಎಂಬವನಿಲ್ಲ.

ನಿನ್ನ ಪತ್ರವನ್ನು ನಿಂತೇ ಓದಿದೆ, ಆಮೇಲೆ ಕೂತೆ. ಹಳೆಯ ಪತ್ರಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿಕೊಂಡೆ. ಫ್ಯಾನು ಕೆಟ್ಟಿತ್ತು. ನೀನು ನೆಲದ ಮೇಲೆ ಕೂತೆ. ಮಿಠಾಯಿ ಪಕ್ಕದ ಮನೆಗೆ. ಪೆನ್ನಿನ ಬಾಯಿ ಅಗಲ. ನಾನು ಆಗ ಕೋಪಿಸಿಕೊಂಡೆನಲ್ಲ ತಾತ, ಸಕ್ಕರೆ ಸುರಿದೆ ಎಂದು ಜಂಬ ಬೇರೆ ಕೊಚ್ಚಿಕೊಂಡಿದ್ದೆ. ಅಮ್ಮನ ಪತ್ರಗಳಲ್ಲಿ ಮಳೆ ಬಿಸಿಲು ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಅವಳು ಬರೆಯುವಾಗ ನೀನು ಪಕ್ಕದಲ್ಲೇ ಕೂತಿರುತ್ತಿದ್ದೆಯಾ?

ಬೆಖೋರ್ ಅವರ ಮನೆಗೆ ಹಳೇ ಚಪ್ಪಲಿಯಲ್ಲೇ ಓಡಿದೆ.

"ಹಖಾಮ್, ಆ ಮುದುಕ ನನ್ನ ತಾತ."

"ಗೊತ್ತು."

"ಯಾವಾಗಿಂದ?"

"ನೋಡದೇ ಇರೋ ಮುದುಕನ ಪರವಾಗಿ ನೀನು ಅಷ್ಟು ವಾದ ಮಾಡ್ದಾಗಿಂದ. ಆ ವಾದದಲ್ಲಿ ನಿನ್ನ ತಾತನ ಕೈರುಚಿ ಇತ್ತು."

"ಆವತ್ತೇ ಯಾಕೆ ಹೇಳ್ಲಿಲ್ಲ?"

"ಕೇಳಿದ್ದು ಮೂಸಾ. ಮೂಸಾನಿಗೆ ಉತ್ತರ ಹೇಳ್ದೆ. ನಿನ್ನ ತಾತ ಕೇಳಿದ್ರೂ ಅದೇ ಹೇಳ್ತೀನಿ. ಅಲ್ಲಿನ ಹಖಾಮ್ ಮೊದಲೇ ಹೇಳಿರ್ತಾರೆ, ಅದು ಗಟ್ಟಿ."

ರೂಬೆನ್ ಹೇಳಿದ್ದಾನೆ, ಅಲ್ಲವೇ? ನೀನು ಮೂಗು ಒರೆಸಿದ ಹುಡುಗ ನಿನಗೆ ತಿನ್ನು ಅಂದ, ಅದು ನಿನಗೆ ಗಂಟಲಲ್ಲಿ ಇಳಿಯಲಿಲ್ಲ. ಅವನು ಚಿಕ್ಕವನು ಎಂದು ನನ್ನನ್ನು ಕೇಳಿದೆ. ತಾತ, ನಾನು ಅವನಿಗಿಂತ ಚಿಕ್ಕವಳು.

ನನ್ನ ತೀರ್ಪನ್ನು ವಾಪಸ್ ಕೊಡು. ಅದನ್ನು ನಾನು ಮೂಸಾನಿಗೆ ಕೊಟ್ಟಿದ್ದೆ. ಮುಖ ನೋಡದ ಮುದುಕನಿಗೆ ನಿನ್ನಿಷ್ಟ ಎಂದು ಹೇಳುವುದು ಎಷ್ಟು ಸುಲಭವಾಗಿತ್ತು. ಅವರ ದೇಹ, ಅವರ ದೇವರು ಎಂದು ಬರೆದು ಲಕೋಟೆ ಅಂಟಿಸಿ ನಸೀಂ ಜೊತೆ ಐಸ್ ತಿನ್ನಲು ಹೋಗಿದ್ದೆ. ನಿನ್ನ ದೇಹ ನಿನ್ನೊಬ್ಬನದೇ ಎಂದು ನನಗೆ ಅನಿಸುತ್ತಿಲ್ಲ.

ವಾದವೇ ಬೇಕಾದರೆ ಇಗೋ. ಆ ದಿನ ನಿಮ್ಮನ್ನು ನೀವು ನೋಯಿಸಿಕೊಳ್ಳಿ ಎಂದು ಆಜ್ಞೆ. ಉಪವಾಸ ನಿನಗೆ ನೋವೇ? ಚಿಕ್ಕಂದಿನಿಂದ ನೋಡಿದ್ದೇನೆ, ಬಿಳಿ ಬಟ್ಟೆ ತೊಟ್ಟು ಮದುವಣಿಗನ ಹಾಗೆ ಹೋಗುತ್ತೀಯ. ನಿನಗೆ ನೋವಾಗುವುದು ರೂಬೆನ್‌ನ ಎದುರು ಕೂತು ತಿನ್ನಲು ಬಾಯಿ ತೆರೆಯುವುದು. ಈ ವರ್ಷ ನಿನ್ನ ಪಾಲಿಗೆ ಬಂದಿರುವ ಉಪವಾಸ ಅದು.

ಹೇಗೆಂದು ಬೆಖೋರ್ ತೋರಿಸಿದರು. ಒಂದೇ ಸಲಕ್ಕೆ ಉಣ್ಣುವುದಲ್ಲ. ಖರ್ಜೂರಕ್ಕಿಂತ ಚಿಕ್ಕ ತುಣುಕು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು, ಹಾಗೆ ತಿಂದರೆ ಉಪವಾಸ ಪೂರ್ತಿ ಮುರಿದ ಹಾಗಲ್ಲ. ಊಟದ ಅಳತೆ ಎಲ್ಲರಿಗೂ ಒಂದೇ. ಆದರೆ ನೀರಿನ ಅಳತೆ ಹಾಗಲ್ಲ, ಅವರವರ ಕೆನ್ನೆಯಷ್ಟು. ಹಿಂದಿನ ದಿನವೇ ಒಂದು ಕೆನ್ನೆ ತುಂಬ ನೀರು ತುಂಬಿ ಲೋಟಕ್ಕೆ ಉಗುಳಿ ಗೆರೆ ಎಳೆಯಬೇಕು, ಆ ಗೆರೆಗಿಂತ ಕೊಂಚ ಕಡಿಮೆ ಕುಡಿಯಬೇಕು. ಮನೆಗೆ ಬಂದು ಮೂವರೂ ಅಡುಗೆಮನೆಯಲ್ಲಿ ಅಳೆದು ನೋಡಿದೆವು. ನಸೀಂ ನಗು ತಡೆಯಲಾರದೆ ಗೋಡೆಗೆಲ್ಲ ಉಗುಳಿದ. ಅತ್ತೆಯದೇ ಎಲ್ಲಕ್ಕಿಂತ ಮೇಲಿನ ಗೆರೆ. "ಮಾತಾಡೀ ಮಾತಾಡೀ ಜಾಗ ಆಗಿದೆ" ಎಂದು ಅವರೇ ಅಂದರು. ನಾನು ನಗುತ್ತಿದ್ದವಳು ಅತ್ತುಬಿಟ್ಟೆ. ಅವರು ನನ್ನ ತಲೆಯನ್ನು ತಮ್ಮ ಭುಜಕ್ಕೆ ಒತ್ತಿಕೊಂಡರು.

ಆಜ್ಞೆ ಶಾಸ್ತ್ರದ್ದು ತಾತ, ಕೆನ್ನೆ ನಿನ್ನದು. ನಮ್ಮ ಹಿರಿಯರು ಅಳತೆ ಹಾಕುವಾಗ ನಿನ್ನನ್ನು ಪೂರ್ತಿಯಾಗಿ ಮರೆತಿಲ್ಲ.

ತಿನ್ನುತ್ತೇನೆ ಎಂದು ಬರೆ. ಒಂದೇ ಪದ ಸಾಕು.

ಸರೀನಾ


ಬರಾಂಕಿಯಾ
ಅಕ್ಟೋಬರ್ 7, 1962

ತಾತ,

ನಿನ್ನ ಪತ್ರ ಬರಲಿಲ್ಲ. ಅಂಚೆಯವನು ಬೀದಿಯ ತಿರುವಿನಲ್ಲಿ ಕಂಡರೆ ಅತ್ತೆ ನನಗಿಂತ ಮೊದಲೇ ಬಾಲ್ಕನಿಯಿಂದ ಇದೆಯಾ ಎಂದು ಕೂಗುತ್ತಾರೆ. ಅವನು ಈಗ ದೂರದಿಂದಲೇ ತಲೆ ಆಡಿಸಿಬಿಡುತ್ತಾನೆ.

ಈ ಸಂಜೆ ಕಿಪ್ಪೂರ್ ಶುರು. ಇದು ನಿನ್ನ ಕೈ ಸೇರುವಾಗ ಎಲ್ಲ ಮುಗಿದಿರುತ್ತದೆ ಎಂದು ಗೊತ್ತು. ಆದರೂ ಉಪವಾಸದ ಮುಂಚೆ ಒಬ್ಬರನ್ನೊಬ್ಬರು ಕ್ಷಮೆ ಕೇಳಬೇಕಲ್ಲ. ಇವತ್ತು ನಾನು ಅತ್ತೆಯನ್ನು ಕೇಳಿದೆ, ಆ ಸಾರಿನ ವಿಷಯಕ್ಕೆ. "ಯಾವ ಸಾರು?" ಅಂದರು. ನಿನ್ನನ್ನು ಹೇಗೆ ಕೇಳಲಿ? ಹೋದ ಪತ್ರದಲ್ಲಿ ಮೂಗು ಒರೆಸಿದ ಹುಡುಗ ಎಂದು ಚುಚ್ಚಿ ಬರೆದೆ. ನೀನು ಹೇಗೆ ನಡೆದುಕೊಂಡಿದ್ದರೂ ನಾನು ನಿನ್ನವಳೇ. ಕೋಪದಿಂದ ಬರೆಯದಿದ್ದರೆ ಕೋಪವನ್ನೇ ಬರೆದು ಕಳಿಸು. ಏನಾದರೂ ಬರೆ.

ನಸೀಂ ಕರೆಯುತ್ತಿದ್ದಾನೆ, ದೀಪ ಹಚ್ಚುವ ಹೊತ್ತಾಯಿತು. ನಿನಗೆ ಹಸಿವಾದರೆ, ತಾತ, ದಯವಿಟ್ಟು.

ಸರೀನಾ


ಪನಾಮ
ಅಕ್ಟೋಬರ್ 9, 1962

ಸರೀನಾ ಮಗು,

ಬದುಕಿದ್ದೇನೆ. ಮೊದಲು ಅದನ್ನು ಬರೆ ಎಂದು ನಿನ್ನ ಅಮ್ಮ ಹೇಳಿದಳು. ಪಕ್ಕದಲ್ಲೇ ಕೂತಿದ್ದಾಳೆ, ಈ ಸಲ ಅವಳ ಸರದಿಯಂತೆ.

ನಿನ್ನ ಪತ್ರಕ್ಕೆ ಉತ್ತರ ಬರೆಯಲಿಲ್ಲ. ದಿನಾ ಒಂದು ಪ್ರತಿವಾದ ಹೊಳೆಯುತ್ತಿತ್ತು, ಮರುದಿನ ಬೆಳಿಗ್ಗೆಗೆ ಅದು ಹಳಸಿರುತ್ತಿತ್ತು. ಮೊಮ್ಮಗಳಿಗೆ ವಾದ ಕಲಿಸಿದವನಿಗೆ ಈ ಶಾಸ್ತಿ ಆಗಬೇಕಾದದ್ದೇ.

ಉಪವಾಸದ ಹಿಂದಿನ ಮಧ್ಯಾಹ್ನ ರೂಬೆನ್ ಬಂದ. ಪ್ರತಿ ವರ್ಷ ಬರುತ್ತಾನೆ, ಕ್ಷಮೆ ಕೇಳಲು. ಕೂರಲಿಲ್ಲ.

"ಮಾಸ್ತರೇ, ನಾನು ಹೇಳಿದ್ದು ನಿಮಗೆ ನೋವಾಗಿದ್ರೆ ಕ್ಷಮಿಸಿ."

"ಹೇಳಿದ್ದನ್ನ ವಾಪಸ್ ತಗೋತೀಯಾ?"

"ಇಲ್ಲ."

"ಹಾಗಾದ್ರೆ ಎಂಥ ಕ್ಷಮೆ ಅದು?"

ಅವನು ತಲೆ ತಗ್ಗಿಸಿ ನಿಂತ. ಕಣ್ಣಲ್ಲಿ ನೀರಿತ್ತು. ಇಷ್ಟು ಹೆದರಿಕೆ ಇದ್ದರೂ ಮಾತು ಬದಲಿಸದೆ ನಿಂತಿದ್ದಾನಲ್ಲ, ಇವನಿಗೆ ಇದನ್ನು ಯಾರು ಕಲಿಸಿದರು ಅಂದುಕೊಂಡೆ. ಆಮೇಲೆ ನೆನಪಾಯಿತು, ನಾನೇ.

"ಲೋಟ ತಂದಿದ್ದೀಯಾ?" ಅಂದೆ.

ಜುಬ್ಬದ ಜೇಬಿನಿಂದ ತೆಗೆದ. ತಂದೇ ಬಂದಿದ್ದ, ಕಳ್ಳ. ಅಡುಗೆಮನೆಯಲ್ಲಿ ಒಂದು ಕೆನ್ನೆ ತುಂಬ ನೀರು ತುಂಬಿ ಉಗುಳಿದೆ. ಗೆರೆ ಎಲ್ಲಿಗೋ ಹೋಯಿತು. "ಇಷ್ಟೊಂದಾ?" ಅಂದ. ಹಲ್ಲಿಲ್ಲದ ಬಾಯಿ ಕಣೋ, ಬಾಡಿಗೆಯವರು ಖಾಲಿ ಮಾಡಿದ ಮನೆ, ಜಾಗ ಜಾಸ್ತಿ ಅಂದೆ. ಇಬ್ಬರೂ ನಕ್ಕೆವು. ನಿನ್ನ ಅಮ್ಮ ಬಾಗಿಲಲ್ಲಿ ನಿಂತು ಅಳುತ್ತಿದ್ದಳು.

ಆದರೂ ಮಗು, ಬೆಳಿಗ್ಗೆ ಹೊತ್ತಿಗೆ ನಾನು ಮನಸ್ಸಿನಲ್ಲಿ ಇನ್ನೂ ಚೌಕಾಸಿ ಮಾಡುತ್ತಿದ್ದೆ. ಮಧ್ಯಾಹ್ನದವರೆಗೆ ನೋಡೋಣ, ಸಂಜೆಯವರೆಗೆ ನೋಡೋಣ. ಪುಸ್ತಕದ ಸಾಲು ಎರಡೆರಡಾಗಿ ಕಂಡಿತು. ರೂಬೆನ್ ಅಷ್ಟು ಜನರ ಮುಂದಿನಿಂದ ಇಳಿದು ನನ್ನ ಹತ್ತಿರ ಬಂದ. ಹಾಗೆ ಬಂದು ನಿಂತಾಗ ಎದ್ದು ನಿಲ್ಲುವುದು ಈ ಸಲ ನನ್ನ ಸರದಿಯಾಯಿತು.

ಪಕ್ಕದ ಸಣ್ಣ ಕೋಣೆ, ಹಳೆಯ ಪ್ರಾರ್ಥನಾ ಪುಸ್ತಕಗಳನ್ನು ಪೇರಿಸಿಡುವುದು. ರೊಟ್ಟಿಯ ತುಣುಕುಗಳನ್ನು ಅವನ ಹೆಂಡತಿ ಅಳೆದು ಕತ್ತರಿಸಿಟ್ಟಿದ್ದಳು. ಗೋಡೆಯ ಆಚೆ ಎಲ್ಲರೂ ಹಾಡುತ್ತಿದ್ದರು. ತಿನ್ನುವ ಮುಂಚೆ ಹೇಳುವ ಸ್ತುತಿಯನ್ನು ನಾನು ಕಿಪ್ಪೂರ್ ದಿನ ಯಾವತ್ತೂ ಹೇಳಿದವನಲ್ಲ, ನಾಲಿಗೆಗೆ ಅದು ಹೊಸ ಭಾಷೆಯ ಹಾಗಿತ್ತು. ಅರ್ಧಕ್ಕೆ ನಿಂತೆ. ರೂಬೆನ್ ನಾನು ಕಲಿಸಿದ ಹಾಗೆ, ಕೈ ಕಟ್ಟಿಕೊಂಡು ಕಾದ. ಮುಗಿಸಿದೆ. ಅವನು ಆಮೆನ್ ಅಂದ. ನಾನು ತಿಂದೆ.

ನೋವಾಯಿತು. ನೀನು ಹೇಳಿದ್ದು ಸರಿ. ಅಂಥ ಉಪವಾಸ ನಾನು ಹಿಂದೆ ಮಾಡಿರಲಿಲ್ಲ.

ಸಂಜೆ ಅವನು ಬಂದು, "ಕೊನೆಯ ಪ್ರಾರ್ಥನೆ ನೀವೇ ಹೇಳಿ ಮಾಸ್ತರೇ, ಏನೂ ಅಡ್ಡಿ ಇಲ್ಲ, ನಾನು ನೋಡಿದ್ದೀನಿ" ಅಂದ. ಅಡ್ಡಿ ಇಲ್ಲ ಎಂದು ನನಗೂ ಗೊತ್ತು. ಬೇಡ ಅಂದೆ. "ತಿನ್ನೋದು ನೀನು ಹೇಳಿದ್ದು, ತಿಂದೆ. ಇದು ನನಗೆ ಬಿಡು. ಕಾಲು ಸಾಲದು, ನನಗೆ ಗೊತ್ತಾಗತ್ತೆ." ಅವನು ವಾದಿಸಲಿಲ್ಲ. ನೀನೇ ಹೇಳು ಅಂದೆ.

ಹೇಳಿದ. ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತಿದ್ದೆ. ಧ್ವನಿ ನನ್ನದಕ್ಕಿಂತ ತೆಳು. ಆದರೆ ಪ್ರತಿ ಸಾಲಿನ ನಡುವೆ, ನಾನು ನಿಲ್ಲಿಸುವಲ್ಲಿಯೇ ನಿಲ್ಲಿಸುತ್ತಾನೆ, ಅಲ್ಲಿ ಉಸಿರೆಳೆದುಕೊಳ್ಳುತ್ತಾನೆ. ಅಲ್ಲಿ ಉಸಿರು ಬೇಕಿದ್ದದ್ದು ನನಗೆ, ರಾಗಕ್ಕಲ್ಲ. ಚಿಕ್ಕಂದಿನಿಂದ ಕೇಳಿ ಕೇಳಿ ಅದೂ ಪ್ರಾರ್ಥನೆಯ ಭಾಗವೇ ಅಂದುಕೊಂಡಿದ್ದಾನೆ. ಸುತ್ತ ಎಲ್ಲರೂ ಹಾಗೆಯೇ ನಿಲ್ಲಿಸುತ್ತಾರೆ, ಆ ಚಿಕ್ಕ ಬಿಡುವಿನಲ್ಲಿ ಅಷ್ಟು ಜನರ ಉಸಿರು ಒಟ್ಟಿಗೆ ಒಳಗೆ ಹೋಗುವುದು ಕೇಳಿಸುತ್ತದೆ.

ಎಷ್ಟು ಚೆಂದವಿದೆ ಆ ಪ್ರಾರ್ಥನೆ, ಸರೀನಾ. ಇಷ್ಟು ವರ್ಷ ಹೇಳಿದ್ದೇನೆ, ಕೇಳಿರಲಿಲ್ಲ.

ನಿನ್ನ ತಾತ